ಬಿಳುಪು

ಪಾಸ್‌ಪೋರ್ಟಿಗೆ ನಗಬಾರದು.
ಹಲ್ಲು ಕಾಣಬಾರದು, ಕಿವಿ ಎರಡೂ ಕಾಣಬೇಕು,
ಹಿಂದೆ ಬಿಳಿ ಪರದೆ, ನೆರಳು ಬೀಳಬಾರದು.
ಇಪ್ಪತ್ತಾರು ವರ್ಷ ಇದನ್ನೇ ಹೇಳಿ ಹೇಳಿ
ನನ್ನ ಮುಖವೂ ಹಾಗೇ ನಿಂತುಬಿಟ್ಟಿದೆ, ಅಂತಾಳೆ ಹೆಂಡತಿ.

ಭಟ್ಟಿ ಸಾಲಿನಿಂದ ನೇರ ಬಂದಿದ್ದ ಚಮನ್‌ಸಾಬ್,
ಹುಬ್ಬಿನ ತುಂಬ ಹೊಟ್ಟಿನ ಬೂದಿ. ಹೆಗಲ ಮೇಲೆ ಮಗಳು
ಮುಬೀನಾ, ನಾಲ್ಕು ವರ್ಷ, ಒಂಬತ್ತು ಕೆ.ಜಿ.,
ಹೊಟ್ಟೆ ಮಾತ್ರ ಬೇರೆ ಯಾರದೋ ಮನೆಯ ಮಗುವಿನದು.
"ಲಿವರ್ ಬದಲಿಸಬೇಕಂತೆ ಅಣ್ಣಾ. ಇಲ್ಲಿ ಎರಡು ಸಲ ಕೊಯ್ದರು, ಹತ್ತಲಿಲ್ಲ.
ಹೊರದೇಶದಾಗೆ ಒಬ್ಬ ಡಾಕ್ಟರು ಹೂಂ ಅಂದಾನೆ."
ಊರಿನ ಹೆಸರು ಚೀಟಿಯಲ್ಲಿತ್ತು. ಚೀಟಿ ಹೆಂಡತಿಯ ಹತ್ತಿರ.

ಲೆನ್ಸಿನಲ್ಲಿ ಮೊದಲು ಕಂಡದ್ದು ಕಣ್ಣು.
ಪಾಪೆಯ ಸುತ್ತ ಅರಿಶಿನ ಹಾಕಿ ಒಗ್ಗರಣೆ ಕೊಟ್ಟ
ಮಂಡಕ್ಕಿಯ ಬಣ್ಣ.
ಮದುವೆ ಹುಡುಗಿಯರ ಮೊಡವೆ, ಗಂಡುಗಳ ಬೋಳು
ಎಷ್ಟೋ ಅಳಿಸಿ ಕೊಟ್ಟ ಕೈ ಇದು.
ಮೌಸು ಹಿಡಿದು ಎರಡು ಉಜ್ಜು ಉಜ್ಜಿದರೆ
ಹಾಲಿನಂಥ ಕಣ್ಣು, ಪುಕ್ಕಟೆ.
ಫರ್ಜಾನಾ ಕಂಪ್ಯೂಟರನ್ನೇ ನೋಡುತ್ತಿದ್ದಳು. ಏನೂ ಕೇಳಲಿಲ್ಲ.
ಬಣ್ಣ ತಿದ್ದಿದರೆ ಕಚೇರಿಯವರು ವಾಪಸು ಕಳಿಸ್ತಾರಮ್ಮಾ, ಅಂದೆ
ಕೇಳದ ಪ್ರಶ್ನೆಗೆ.

ಅವಳದೂ ತೆಗೆದೆ. ಕೊಡುವವಳು ಅವಳೇ.
ಎಷ್ಟು ಕೊಡಬೇಕು ಅಂದದ್ದಕ್ಕೆ ಬೊಗಸೆ ಅರ್ಧ ಮುಚ್ಚಿ ತೋರಿಸಿದಳು:
"ಇಷ್ಟು. ಮತ್ತೆ ಬೆಳೀತೈತಂತೆ, ಉಗುರು ಬೆಳೆದಂಗೆ."

ಆಮೇಲೆ ಆ ಫೋಟೋ ನನ್ನ ಕೈ ಮೀರಿ ಊರೆಲ್ಲ ಓಡಾಡಿತು.
ಬೆಣ್ಣೆದೋಸೆ ಹೋಟೆಲಿನ ಗಲ್ಲಾದ ಮೇಲೆ,
ಮಿರ್ಚಿ ಗಾಡಿಯ ಎಣ್ಣೆಗಾಜಿನ ಮೇಲೆ,
ಮುಚ್ಚಿದ ಹತ್ತಿ ಮಿಲ್ಲಿನ ಗೋಡೆಗೂ.
ಕೆಳಗೆ ಮೊಬೈಲು ತೋರಿಸಿದರೆ ದುಡ್ಡು ಹೋಗುವ ಕಪ್ಪುಬಿಳಿ ಚೌಕ.
ಶುಕ್ರವಾರ ಮಸೀದಿ ಬಾಗಿಲಲ್ಲಿ ಟವೆಲು ಹಾಸಿದರು,
ಭಟ್ಟಿಯವರು ಒಂದು ದಿನದ ಕೂಲಿ,
ಮಂಡಿಪೇಟೆಯ ಸೇಠು ವಿಮಾನದ ಟಿಕೀಟು.
ಯಾರೋ ಹರಿದ ಇಪ್ಪತ್ತರ ನೋಟಿಗೆ ಟೇಪು ಹಚ್ಚಿ ಹಾಕಿದ್ದರು,
ಅದೂ ಎಣಿಕೆಗೆ ಬಂತು.
ನಾನು ಐನೂರು ಹಾಕಿದೆ. ಸಾವಿರ ಅಂದುಕೊಂಡೇ ಹೋಗಿದ್ದೆ.

ಒಂದು ರಾತ್ರಿ ಹತ್ತೂವರೆಗೆ ಫೋನು:
"ಅಣ್ಣಾ, ಅದೇ ಫೋಟೋ ದೊಡ್ಡದು ಬೇಕಿತ್ತು."
ದೊಡ್ಡದು ಅಂದರೆ ನನ್ನ ಕಸುಬಿನಲ್ಲಿ ಒಂದೇ ಅರ್ಥ.
ಹನ್ನೆರಡು ಹದಿನೈದು, ಫ್ರೇಮು, ಬುಡದಲ್ಲಿ ಎರಡು ತಾರೀಕು.
ಅವರಲ್ಲಿ ಫೋಟೋಕ್ಕೆ ಹಾರ ಹಾಕುವುದಿಲ್ಲ ಅನ್ನುವುದೂ ಮರೆತು
ಕೂರಲು ಕುರ್ಚಿ ತಡಕಿದೆ.
"ವೀಸಾದವರ ಅಳತೆ ಬೇರೆಯಂತೆ. ಎರಡಿಂಚು, ಎರಡಿಂಚು."
ಇಷ್ಟು ಹೊತ್ತಿಗೇನಯ್ಯಾ ಫೋನು ಮಾಡೋದು, ಅಂತ ಬೈದುಬಿಟ್ಟೆ.
ಏನೆಂದು ತಿಳಿಯದೆ, ತಪ್ಪಾತಣ್ಣ ಅಂದ.

ಹೋದದ್ದು ತಾಯಿ ಮಗಳು ಇಬ್ಬರೇ. ದುಡ್ಡು ಅಷ್ಟಕ್ಕೇ ಆಗಿತ್ತು.
ಎರಡು ಸೇರು ಮಂಡಕ್ಕಿ ಕಟ್ಟಿಕೊಟ್ಟಿದ್ದ ಚಮನ್‌ಸಾಬ್,
ಗಾಳಿಯಷ್ಟೇ ತೂಕ, ವಿಮಾನದವರು ಬೇಡ ಅನ್ನಲಿಲ್ಲ.
ಅವನ ಮೊಬೈಲಿನ ಗಾಜು ಒಡೆದಿದೆ. ಭಟ್ಟಿ ಆರಿಸಿ
ಸಂಜೆ ಸಂಜೆ ನನ್ನ ಅಂಗಡಿಗೆ ಬಂದು ಕೂರುತ್ತಾನೆ,
ಬೂದಿ ಬೀಳುತ್ತದೆಂದು ಸ್ಟೂಲಿಗೆ ಪೇಪರು ಹಾಸಿಕೊಂಡು.

ಆಪರೇಷನ್ನಾಗಿ ಇಪ್ಪತ್ತೊಂದನೆಯ ದಿನ.
ಅಲ್ಲಿ ಕಿಟಕಿಯಾಚೆ ಹಿಮ. ಇವನಿಗೆ ಅದು ಏನೆಂದು ನಾನು ಹೇಳಬೇಕಾಯಿತು.
"ನೋಡ್ರೀ, ಕಣ್ಣು ಬೆಳ್ಳಗಾಗ್ಯಾವು!"
ಚಮನ್‌ಸಾಬ್ ನೋಡಿದ್ದು ನನ್ನ ಕಡೆ, ಪರದೆಯ ಕಡೆ ಅಲ್ಲ.

ಈ ಮೊಬೈಲುಗಳ ಕಳ್ಳಾಟ ನನಗೆ ಗೊತ್ತು.
ಹಳದಿಯನ್ನು ತಾವೇ ನುಂಗಿ
ಎಲ್ಲವನ್ನೂ ಬಿಳಿ ಮಾಡಿ ತೋರಿಸುತ್ತವೆ,
ನನ್ನ ಹಾಗೆ ಕೈ ಹಿಡಿದುಕೊಳ್ಳುವುದಿಲ್ಲ.
"ತಂಗೀ, ಮಂಡಕ್ಕಿ ಉಳಿದಿದೆಯಾ?
ಒಂದೇ ಕಾಳು. ಕಣ್ಣಿನ ಪಕ್ಕ ಹಿಡಿ."

ಚೀಲ ಬಿಚ್ಚುವ ಚರಪರ.
ತಿನ್ನಲಿಕ್ಕೆಂದು ಮುಬೀನಾ ಬಾಯಿ ತೆರೆದಳು,
ಕಾಳು ಕಣ್ಣಿನವರೆಗೆ ಬರುವ ಮೊದಲೇ
ಚಿತ್ರ ನಿಂತುಹೋಯಿತು.

ಹಲ್ಲೆಲ್ಲ ಕಾಣುತ್ತಿದ್ದವು.